ಕೌದಿಯ ಕೊನೆಯ ಮೂಲೆ

"ಅತ್ತೆ, ಗೆರೆ ದಾಟಬ್ಯಾಡ್ರಿ. ನಿಮ್ ಕಾಲು ಆಗ್ಲೇ ಪಕ್ಕದೋರ ಸ್ಟಾಲಿಗೆ ಹೋಗೈತೆ."

ರೆಹಾನಾ ಬಗ್ಗಿ ನೋಡಿದಳು. ನಿಜ, ಬಲಗಾಲಿನ ಹೆಬ್ಬೆರಳು ಸೀಮೆಸುಣ್ಣದ ಗೆರೆಯಿಂದ ಆಚೆ ಇತ್ತು. ಬೆಳಿಗ್ಗೆ ತಿಂಡಿ ಮುಗಿದದ್ದೇ ತಡ, ಸೊಸೆ ಗುಲ್ನಾಜ್ ಮುಂದಿನ ಕೋಣೆಯ ನೆಲದ ಮೇಲೆ ಟೇಪು ಹಿಡಿದು ಆರಡಿಗೆ ಆರಡಿ ಚೌಕ ಎಳೆದಿದ್ದಳು. ಸಮಾವೇಶದಲ್ಲಿ ಕೊಡುವುದು ಇಷ್ಟೇ ಜಾಗವಂತೆ. ಇದರೊಳಗೇ ಮೇಜು, ಇದರೊಳಗೇ ಎರಡು ಕುರ್ಚಿ, ಇದರೊಳಗೇ ಕೌದಿಗಳು, ಉಳಿದದ್ದರಲ್ಲಿ ಅತ್ತೆ ಸೊಸೆ. ಮೂವತ್ತು ವರ್ಷ ತಾನೇ ಗುಡಿಸಿ ಒರೆಸಿದ ನೆಲದ ಮೇಲೆ ಕಾಲಿಡಲು ಈಗ ಅಪ್ಪಣೆ ಬೇಕಾಯಿತಲ್ಲ ಎಂದು ರೆಹಾನಾಳಿಗೆ ನಗು ಬಂತು. ಆದರೂ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಇಷ್ಟು ಜಾಗದಾಗೆ ಕೌದಿ ಬಿಚ್ಚಿ ತೋರ್ಸೋದು ಹೆಂಗೆ ಕಣಮ್ಮ? ಅರ್ಧ ಬಿಚ್ಚೋದ್ರೊಳಗೆ ಅಂಚು ಹೋಗಿ ಬಂದೋರ ಮುಖಕ್ಕೆ ಬಡೀತೈತೆ."

"ಎಲ್ಲಾನೂ ಬಿಚ್ಚೋದು ಬ್ಯಾಡ್ರಿ. ಎರಡು ಹಿಂದುಗಡೆ ನೇತಾಕಾಣ, ಒಂದು ಮೇಜಿನ ಮೇಲೆ ಹಾಸಾಣ. ಉಳಿದವು ಕವರ್‌ನಾಗೆ ಮಡಚಿ ಜೋಡ್ಸಾಣ. ಬಂದೋರು ಬಣ್ಣ ನೋಡಿ ಕೇಳ್ತಾರೆ, ಆಗ ತೆಗ್ದು ತೋರ್ಸಿದ್ರಾತು."

ಇದನ್ನೆಲ್ಲ ಅವಳು ಎಲ್ಲಿ ಕಲಿತಳೋ. ಹೊಸದುರ್ಗದ ಹುಡುಗಿ, ಮದುವೆಯಾಗಿ ಚಿತ್ರದುರ್ಗಕ್ಕೆ ಬಂದು ಎರಡು ವರ್ಷ. ಗಂಡ ಕೈಸರ್ ಲಾರಿ ಹತ್ತಿದರೆ ವಾರಗಟ್ಟಲೆ ಮನೆಗಿಲ್ಲ. ಹೊಳಲ್ಕೆರೆ ರಸ್ತೆಯ ಕಲ್ಯಾಣಮಂಟಪದಲ್ಲಿ ಹೋಂಸ್ಟೇ, ರೆಸಾರ್ಟು ನಡೆಸುವವರ ಸಮಾವೇಶ ನಡೆಯುತ್ತದೆ, ಅವರಿಗೆ ಬೇಕಾದ ಸಾಮಾನು ಮಾರುವವರಿಗೆ ಅಲ್ಲೇ ಸ್ಟಾಲು ಕೊಡುತ್ತಾರೆ ಎಂಬುದನ್ನು ಫೋನಿನಲ್ಲಿ ನೋಡಿದವಳು ಅವಳೇ. ಮನೆಯಲ್ಲಿ ಒಬ್ಬರನ್ನೂ ಕೇಳದೆ ಅವರಿಗೆ ಫೋನು ಮಾಡಿ, ಯಾರಿಗೂ ಬೇಡವಾಗಿ ಉಳಿದಿದ್ದ ಕಟ್ಟಕಡೆಯ ಸ್ಟಾಲನ್ನು ಹಿಡಿದುಬಿಟ್ಟಿದ್ದಳು. ಅದು ಊಟದ ಹಾಲಿನಲ್ಲಿ, ಕೈ ತೊಳೆಯುವ ನಲ್ಲಿಗಳ ಪಕ್ಕಕ್ಕಿತ್ತು. ಸುದ್ದಿ ಕೇಳಿದ ಮಾವ ನಜೀರ್ ಅಹಮದ್ ಎಲೆಅಡಿಕೆ ಉಗುಳಿ ಬಂದು, "ಕೌದಿ ಮಾರೋಕೆ ಹೋಗ್ತಿರೋ, ಟವೆಲ್ ಮಾರೋಕೆ ಹೋಗ್ತಿರೋ?" ಎಂದಿದ್ದರು.

ಮಾತಿನಲ್ಲಿ ಕುಚೋದ್ಯವಿದ್ದರೂ ನಜೀರ್ ಅಹಮದ್ ಕೆಟ್ಟವರಲ್ಲ. ಅವರದು ತಲೆಮಾರುಗಳಿಂದ ಹತ್ತಿ ಹಿಂಜುವ ಮನೆತನ. ಊರಿನ ಅರ್ಧ ಮದುವೆಗಳಿಗೆ ಗಾದಿ ದಿಂಬು ತುಂಬಿದ್ದು ಈ ಮುಂದಿನ ಕೋಣೆಯಲ್ಲಿಯೇ. ಫೋಮಿನ ಹಾಸಿಗೆ ಬಂದ ಮೇಲೆ ಹಿಂಜುವ ಮಿಷನ್ನು ಗುಜರಿಗೆ ಹೋಯಿತು, ಕೋಣೆ ಖಾಲಿಯಾಯಿತು. ಖಾಲಿಯಾದ ಕೋಣೆಯಲ್ಲಿ ರೆಹಾನಾ ಚಾಪೆ ಹಾಸಿಕೊಂಡು ಕೂತಳು. ಹಳ್ಳಿಯವರು ತಮ್ಮ ಹಳೆಯ ಸೀರೆ, ಪಂಚೆ ಗಂಟು ಕಟ್ಟಿಕೊಂಡು ಬರುತ್ತಿದ್ದರು, ಅವನ್ನು ಅವಳು ಪದರ ಪದರ ಜೋಡಿಸಿ ಕೌದಿ ಹೊಲಿದುಕೊಡುತ್ತಿದ್ದಳು. ಕೌದಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ನೆಲ ಮತ್ತು ಬೆಳಕು. ಒಳಮನೆಯ ಎರಡು ಕತ್ತಲೆ ಕೋಣೆಗಳಲ್ಲಿ ಒಂದು ಚಾದರ ಹಾಸಿದರೆ ಕಾಲಿಡಲು ಜಾಗವಿರುವುದಿಲ್ಲ. ಈ ಕೋಣೆ ಹೋದರೆ ಕೌದಿಯೂ ಹೋದಂತೆಯೇ.

ಈಗ ಕೋಣೆ ಹೋಗುವ ಮಾತು ಬಂದಿತ್ತು. ಮೊಬೈಲಿನ ಕವರು, ಚಾರ್ಜರು ಮಾರುವ ಅರ್ಬಾಜ್ ಎಂಬ ಹುಡುಗ ಬಾಡಿಗೆಗೆ ಕೇಳಿಕೊಂಡು ಎರಡು ಸಲ ಬಂದುಹೋಗಿದ್ದ. ನಜೀರ್ ಅಹಮದ್ ಹೆಂಡತಿಯ ಮುಖ ನೋಡಲಾರದೆ ಸೊಸೆಗೆ ಹೇಳುವಂತೆ ಹೇಳಿದ್ದರು: "ನೋಡಮ್ಮ, ಸಮಾವೇಶ ಮುಗೀಲಿ. ಒಂದು ಒಳ್ಳೆ ಆರ್ಡರ್ ತಗಂಬರ್ರಿ, ಕೋಣೆ ನಿಮ್ದೇ, ನಾನು ತುಟಿ ಬಿಚ್ಚಲ್ಲ. ಬರ್ಲಿಲ್ವಾ, ಸೋಮವಾರ ಬೀಗದ ಕೈ ಅರ್ಬಾಜ್‌ಗೆ."

ಇಲ್ಲಿಯತನಕ ರೆಹಾನಾ ಹೊಲಿದ ಕೌದಿಗಳೆಲ್ಲ ಯಾರದೋ ಬಟ್ಟೆಯವು, ಅವರ ಮನೆಗೇ ಹೋಗುವಂಥವು. ಇಂಥ ಹೊದಿಕೆ ಇಂಥವರ ಮೈಮೇಲೆ ಬೀಳುತ್ತದೆ ಎಂದು ಹೊಲಿಯುವಾಗಲೇ ಗೊತ್ತಿರುತ್ತಿತ್ತು. ಯಾರಿಗೆಂದೇ ತಿಳಿಯದೆ ಹೊಲಿದದ್ದು ಇದೇ ಮೊದಲು. ಗೊತ್ತಿದ್ದವರ ಮನೆಗಳಿಂದ ಹಳೆಯ ನೂಲಿನ ಸೀರೆ ಕೂಡಿಸಿಕೊಂಡು, ಎರಡು ತಿಂಗಳು ಅತ್ತೆ ಸೊಸೆ ಎದುರುಬದುರು ಕೂತು ಹೊಲಿದು ಒಂಬತ್ತು ಕೌದಿ ಮಾಡಿದ್ದರು. ಗುಲ್ನಾಜ್‌ಳ ಹೊಲಿಗೆ ನೋಡಿ ರೆಹಾನಾ ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಒಪ್ಪಿಕೊಂಡಿದ್ದಳು. ಟಾಕು ಅಷ್ಟು ಸಣ್ಣ, ಅಷ್ಟು ನೇರ. ಆದರೆ ಕೊನೆಯ ಮೂಲೆಯೊಂದನ್ನು ಮಾತ್ರ ಅವಳ ಕೈಗೆ ಕೊಟ್ಟಿರಲಿಲ್ಲ.

ಆ ಮನೆಯ ಪದ್ಧತಿಯೇ ಹಾಗೆ. ನಾಲ್ಕೂ ಅಂಚು ಮಡಚಿ ಹೊಲಿದು ಒಂದು ಮೂಲೆಯನ್ನು ಮಾತ್ರ ಬಾಯಿ ಬಿಟ್ಟುಕೊಂಡಿರಬೇಕು. ಅದರೊಳಗೆ ಒಂದು ಚೂರು ಜೋಳದ ರೊಟ್ಟಿ, ಒಂದಿಷ್ಟು ಬೆಲ್ಲ ಇಟ್ಟು ಮುಚ್ಚಬೇಕು. ಕೌದಿ ಹಸಿದಿರಬಾರದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ, ಅದಿರುವ ಮನೆಯಲ್ಲಿ ಊಟಕ್ಕೆ ನೆಮ್ಮದಿ ಇರುವುದಿಲ್ಲ. ಮತ್ತೆ ಆ ಮೂಲೆ ಮುಚ್ಚುವವಳು ಮನೆಯ ಹಿರಿಯಳೇ ಆಗಿರಬೇಕು. ರೆಹಾನಾ ಸೊಸೆಯಾಗಿ ಬಂದು ಅದೆಷ್ಟು ಕೌದಿ ಹೊಲಿದಿದ್ದರೂ, ಅವಳ ಅತ್ತೆ ಕಣ್ಣು ಮಂಜಾದ ಮೇಲೂ ತಡಕಾಡಿ ತಡಕಾಡಿ ಕೊನೆಯ ಮೂಲೆಯನ್ನು ತಾನೇ ಹೊಲಿಯುತ್ತಿದ್ದಳು. ಅವಳು ತೀರಿಕೊಂಡ ಮೇಲೆಯೇ ಅದು ರೆಹಾನಾಳ ಪಾಲಿಗೆ ಬಂದದ್ದು.

"ಅತ್ತೆ, ಇನ್ನೊಂದು ಮಾತು," ಎಂದು ಗುಲ್ನಾಜ್ ಚೌಕದೊಳಗೆ ಕೂತು, ತಡವರಿಸಿ, ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಇವಕ್ಕೆ ರೊಟ್ಟಿ ಇಡಬ್ಯಾಡ್ರಿ. ಇವು ಎಲ್ಲೆಲ್ಲಿಗೋ ಹೋಗೋವು, ರೂಮಿನಾಗೆ ಇರೋವು. ಇರುವೆ ಬಂತು, ವಾಸ್ನೆ ಬಂತು ಅಂದ್ರೆ ನಮ್ ಹೆಸ್ರು ಹಾಳಾಗ್ತೈತೆ. ಊರೋರಿಗೆ ಹೊಲಿಯೋವಕ್ಕೆ ಇಟ್ಕಳ್ರಿ, ನಾನು ಬ್ಯಾಡ ಅನ್ನಲ್ಲ."

ಹುಡುಗಿ ಹೇಳುವುದರಲ್ಲಿ ತಪ್ಪೇನಿದೆ ಎಂದು ರೆಹಾನಾಳ ತಲೆ ಒಪ್ಪಿತು. "ಆಯ್ತು ಬಿಡು, ಇಡಲ್ಲ," ಎಂದಳು. ಹೇಳಿದ್ದು ಮನಸ್ಸಿನಿಂದಲೇ. ಆ ಹೊತ್ತಿಗೆ ಅವಳಲ್ಲಿ ಸುಳ್ಳಿರಲಿಲ್ಲ.

ಮಾರನೆಯ ದಿನ ಯಲ್ಲದಕೆರೆಯ ಹುಚ್ಚಕ್ಕ ಬಂದಳು. ಕುರಿ ಮಂದೆ ಇಟ್ಟ ಮನೆಯವಳು, ಕುರಿಗೆ ಔಷಧಿ ಒಯ್ಯಲು ಊರಿಗೆ ಬಂದರೆ ರೆಹಾನಾಳ ಜಗಲಿಗೆ ಬಂದು ಕೂರದೆ ಬಸ್ಸು ಹತ್ತುವವಳಲ್ಲ. ಒಂಬತ್ತು ಕೌದಿಗಳ ಪೈಕಿ ಎರಡಕ್ಕೆ ಸೀರೆ ಕೊಟ್ಟವಳೂ ಅವಳೇ. ಹೊರಗೆ ಸೋನೆ ಹಿಡಿದಿತ್ತು. ಗುಲ್ನಾಜ್ ಬ್ಯಾನರ್ ಮಾಡಿಸಲು ಪೇಟೆಗೆ ಹೋಗಿದ್ದಳು. ಹುಚ್ಚಕ್ಕ ಟೀ ಕುಡಿದು, ಕೌದಿಗಳನ್ನು ಒಂದೊಂದೇ ಮಗುಚಿ ನೋಡಿ, ತನ್ನ ಸೀರೆಗಳ ಗುರುತು ಹಿಡಿದು ಖುಷಿಪಟ್ಟು, ಕೊನೆಗೆ ಬಾಯಿ ತೆರೆದಿದ್ದ ಒಂದು ಮೂಲೆಗೆ ಬೆರಳು ಹಾಕಿದಳು.

"ಇವಕ್ಕೆ ಇನ್ನೂ ಉಣ್ಣಾಕ್ ಇಕ್ಕಿಲ್ವೇನವ್ವ?"

"ಇಲ್ಲ ಹುಚ್ಚಕ್ಕ. ಇವು ಹೋಟ್ಲು ರೂಮಿಗೆ ಹೋಗೋವು. ಇವಕ್ಕೆ ಇಕ್ಕಲ್ಲ."

ಹುಚ್ಚಕ್ಕ ಬೆರಳು ತೆಗೆದಳು. ಜಗಳ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ. ತಲೆಯ ಮೇಲೆ ಸೆರಗೆಳೆದುಕೊಂಡು ಮಳೆಗೆ ಇಳಿಯುತ್ತ, "ಯಾಕೆ, ಹೋಟ್ಲಾಗೆ ಮಲಗೋರು ಮನುಷ್ಯರಲ್ವಾ?" ಎಂದು ಕೇಳಿ ಹೊರಟುಹೋದಳು.

ಅವಳಿಗದು ಆಡಿ ಮರೆತ ಮಾತು. ರೆಹಾನಾಳಿಗೆ ಮಾತ್ರ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡತೊಡಗಿತು. ಯಾವ ಊರವರೋ, ಯಾವ ಮನೆ ಬಿಟ್ಟು ಬಂದವರೋ, ಗುರುತಿಲ್ಲದ ಕೋಣೆಯಲ್ಲಿ ತಾನು ಹೊಲಿದದ್ದನ್ನು ಕುತ್ತಿಗೆಯವರೆಗೆ ಎಳೆದುಕೊಳ್ಳುತ್ತಾರೆ. ಅವರಿಗೆ ಉಪವಾಸದ್ದನ್ನು ಹೊದಿಸುವುದೇ? ಎದ್ದುಹೋಗಿ ಒಂದೇ ಒಂದು ರೊಟ್ಟಿ ಬಡಿದಳು. ಅದು ಆರುವ ತನಕವೂ ಕಾಯದೆ ಚೂರು ಮಾಡಿ, ಬೆಲ್ಲ ಜಜ್ಜಿ, ಒಂಬತ್ತೂ ಮೂಲೆಗಳಲ್ಲಿ ಇಟ್ಟು ಬೇಗಬೇಗ ಹೊಲಿದುಬಿಟ್ಟಳು. ಗುಲ್ನಾಜ್ ನೆನೆದುಕೊಂಡು ಬರುವಷ್ಟರಲ್ಲಿ ಸೂಜಿ ಎತ್ತಿಟ್ಟಾಗಿತ್ತು. ಸ್ವಂತ ಮನೆಯಲ್ಲಿ ಕದ್ದು ತಿಂದವಳ ಹಾಗಾಗಿತ್ತು. ಹೇಳಬೇಕೆಂದುಕೊಂಡಳು. ಬ್ಯಾನರಿನ ಮೇಲೆ ಗುಲ್ನಾಜ್ ಅತ್ತೆಯ ಹೆಸರನ್ನೇ ದೊಡ್ಡದಾಗಿ ಹಾಕಿಸಿಕೊಂಡು ಬಂದದ್ದನ್ನು ನೋಡಿ ನಾಲಗೆ ಏಳಲಿಲ್ಲ.

ಅದೇ ಸಂಜೆ ಗುಲ್ನಾಜ್ ಕೌದಿಗಳನ್ನು ಮಡಚಿ ದಪ್ಪನೆಯ ಪ್ಲಾಸ್ಟಿಕ್ ಕವರುಗಳಿಗೆ ತುಂಬಿದಳು. ಕವರಿನ ಬಾಯಿಯನ್ನು ಒಂದು ಸ್ಕೇಲಿನ ಉದ್ದಕ್ಕೆ ಮಡಚಿ ಹಿಡಿದು, ಮೇಣದಬತ್ತಿಯ ಉರಿಗೆ ತೋರಿಸಿ, ಗಾಳಿಯೂ ಹೋಗದ ಹಾಗೆ ಅಂಟಿಸಿದಳು. ಅಂಗಡಿಯಲ್ಲಿ ಕೊಂಡುತಂದ ಸಾಮಾನಿನ ಹಾಗೆ ಹೊಳೆಯುತ್ತಿದ್ದ ಒಂಬತ್ತು ಗಂಟುಗಳನ್ನು ನೋಡಿ ರೆಹಾನಾಳಿಗೂ ಹೆಮ್ಮೆಯಾಯಿತು. ರೊಟ್ಟಿಯ ಚಿಂತೆ ಅವಳಿಗಿರಲಿಲ್ಲ. ಇಷ್ಟು ವರ್ಷ ಇಟ್ಟ ರೊಟ್ಟಿಗಳೆಲ್ಲ ಒಣಗಿ ಪುಡಿಯಾಗಿ ಬಟ್ಟೆಯೊಳಗೆ ಬಟ್ಟೆಯಾಗಿ ಹೋಗಿದ್ದವು. ಕೌದಿ ಹೊಲಿದಂದೇ ಜನ ಒಯ್ಯುತ್ತಿದ್ದರು, ಬಿಸಿಲಿಗೆ ಹಾಕುತ್ತಿದ್ದರು, ಹೊದೆಯುತ್ತಿದ್ದರು. ಕವರಿನೊಳಗೆ ಕೂತ ಕೌದಿಯನ್ನು ಅವಳು ಕಂಡವಳೇ ಅಲ್ಲ.

ಐದು ದಿನ ಕಳೆದು ಶನಿವಾರ ಬೆಳಿಗ್ಗೆಯೂ ಸೋನೆ ಬಿಟ್ಟಿರಲಿಲ್ಲ. ಜೋಗಿಮಟ್ಟಿಯ ಗುಡ್ಡ ಮೋಡದೊಳಗೆ ಹೋಗಿ ಕೂತಿತ್ತು. ನಜೀರ್ ಅಹಮದ್ ಆಟೋ ತಂದು, ಸಾಮಾನು ಹೇರಿಸಿ, "ಮಧ್ಯಾಹ್ನ ಬುತ್ತಿ ತಗಂಬರ್ತೀನಿ, ಹೋಗ್ರಿ," ಎಂದು ಕಳಿಸಿಕೊಟ್ಟರು. ಗುಲ್ನಾಜ್ ಉದ್ವೇಗದಲ್ಲಿ ತಿಂಡಿಯನ್ನೂ ಮುಟ್ಟಿರಲಿಲ್ಲ. ಮಂಟಪದ ಮೇಲಿನ ಹಾಲಿನಲ್ಲಿ ಭಾಷಣ, ಕೆಳಗಿನ ಊಟದ ಹಾಲಿನಲ್ಲಿ ಸ್ಟಾಲುಗಳು. ಬಾಗಿಲ ಹತ್ತಿರದವರು ದೊಡ್ಡ ದೊಡ್ಡ ಹಾಸಿಗೆ, ನೀರು ಕಾಯಿಸುವ ಯಂತ್ರ ಇಟ್ಟುಕೊಂಡು ಲೈಟು ಹಾಕಿ ಕೂತಿದ್ದರು. ಇವರ ಮೂಲೆಯಲ್ಲಿ ನಲ್ಲಿಯ ನೀರು ತೊಟ್ಟಿಕ್ಕುವ ಸದ್ದು. ಗುಲ್ನಾಜ್ ಅದಕ್ಕೆಲ್ಲ ಸೊಪ್ಪು ಹಾಕದೆ ಬ್ಯಾನರ್ ಕಟ್ಟಿದಳು. ಮೇಜಿನ ಮೇಲೆ ತಾನೇ ಆರಿಸಿ ತಂದ ಕೆಂಪು ಬಟ್ಟೆ ಹಾಸಿ, ನಾಲ್ಕು ಕಡೆ ಸಮನಾಗಿ ಇಳಿಬಿದ್ದಿದೆಯೇ ಎಂದು ದೂರ ನಿಂತು ನೋಡಿದಳು. ಆಮೇಲೆ ಮೊದಲ ಕವರನ್ನು ಕತ್ತರಿಸಿದಳು.

ಮೊದಲು ಬಂದದ್ದು ವಾಸನೆ. ಗುಲ್ನಾಜ್ ಮುಖ ಪಕ್ಕಕ್ಕೆ ತಿರುಗಿಸಿದವಳು, ಮತ್ತೆ ಬಗ್ಗಿ ಕೌದಿಯನ್ನು ಹೊರಗೆಳೆದಳು. ಒಂದು ಮೂಲೆಯಲ್ಲಿ ಬೆಲ್ಲ ಕರಗಿ ಕಂದು ಕಲೆ ಬಿದ್ದಿತ್ತು. ಅದರ ಸುತ್ತ ಹಸಿರು ಬೂಷ್ಟು, ಅಂಗೈಯಗಲ. ಎರಡನೆಯ ಕವರು ಕತ್ತರಿಸಿದಳು. ಅದರಲ್ಲೂ ಅದೇ ಮೂಲೆ, ಅದೇ ಕಲೆ.

"ಅತ್ತೆ, ಇದು..."

"ನಾನೇ ಇಟ್ಟೆ ಕಣಮ್ಮ," ಎಂದಳು ರೆಹಾನಾ.

"ಎಷ್ಟಕ್ಕೆ?"

"ಎಲ್ಲಕ್ಕೂ."

ಗುಲ್ನಾಜ್ ಕುರ್ಚಿಯ ಮೇಲೆ ಕೂತಳು. ಕೂಗಾಡಿದ್ದರೆ ರೆಹಾನಾಳಿಗೆ ಹಗುರವಾಗುತ್ತಿತ್ತೇನೋ.

"ಇಡಲ್ಲ ಅಂದಿದ್ರಲ್ಲ."

"ಅಂದಿದ್ದೆ. ಹುಚ್ಚಕ್ಕ ಬಂದಿದ್ಲು, ಅವ್ಳು ಒಂದು ಮಾತು ಅಂದ್ಲು, ನಂಗೆ ತಡೀಲಿಲ್ಲ..."

"ಹುಚ್ಚಕ್ಕ ಅಂದಿದ್ದು ಮಾತು. ನಾನು ಅಂದಿದ್ದು ಮಾತಲ್ಲ, ಅಲ್ವಾ ಅತ್ತೆ?" ಹುಡುಗಿಯ ದನಿ ಎತ್ತರವಾಗಲಿಲ್ಲ. "ಎರಡು ವರ್ಷ ಆತು. ನಾನು ಏನು ಹೇಳಿದ್ರೂ ಆಯ್ತು ಅಂತೀರ. ಆಮ್ಯಾಕೆ ನಿಮಗೆ ಸರಿ ಕಂಡಿದ್ದೇ ಮಾಡ್ತೀರ."

ರೆಹಾನಾಳ ಅತ್ತೆ ಅವಳಿಗೆ ಮಾಡಿದ್ದೂ ಇದನ್ನೇ. ಆಗ ಹಿತ್ತಲಿಗೆ ಹೋಗಿ ಅಳುತ್ತಿದ್ದವಳು ಇವಳೇ. ಅದೆಲ್ಲ ಎಷ್ಟು ಬೇಗ ಮರೆತುಹೋಗುತ್ತದೆ ಎಂದು ನಾಚಿಕೆಯಾಯಿತು. ಮೇಲಿನ ಹಾಲಿನಿಂದ ಮೈಕಿನ ಸದ್ದು ಕೇಳುತ್ತಿತ್ತು. ಭಾಷಣ ಮುಗಿದು ಜನ ಟೀಗೆ ಇಳಿದರೆ ಅಲ್ಲಿಗೆ ಮುಗಿಯಿತು. ರೆಹಾನಾ ಕುರ್ಚಿಗಳನ್ನು ಬದಿಗೆ ಸರಿಸಿ ನೆಲದ ಮೇಲೆ ಕೂತಳು, ಕುತ್ತಿಗೆಯ ದಾರಕ್ಕೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದಳು, ಕೌದಿಯ ಮೂಲೆ ಬಿಚ್ಚತೊಡಗಿದಳು.

ತಾನೇ ಇಟ್ಟ ರೊಟ್ಟಿಯನ್ನು ತಾನೇ ಕಿತ್ತು ತೆಗೆಯುವುದು ಅವಳಿಗೆ ಬಹಳ ಕಷ್ಟವಾಯಿತು. ಬೂಷ್ಟು ಹಿಡಿದ ಚೂರುಗಳನ್ನು ಒಂದು ಕಾಗದದಲ್ಲಿ ಹಾಕಿದಳು. ಗುಲ್ನಾಜ್ ಎದ್ದು ಮೂಲೆಯನ್ನು ನಲ್ಲಿಗೆ ಹಿಡಿದು ಸೋಪು ಹಚ್ಚಿ ಉಜ್ಜಿದಳು. ಬೆಲ್ಲ ಹೋಯಿತು, ಹಸಿರು ಹೋಗಲಿಲ್ಲ.

"ಕತ್ತರ್ಸಿ ತೇಪೆ ಹಾಕ್ಬೇಕು," ಎಂದಳು ರೆಹಾನಾ. "ಬಟ್ಟೆ ಎಲ್ಲೈತೆ?"

ಗುಲ್ನಾಜ್ ಮೇಜಿನ ಮೇಲಿನ ಕೆಂಪು ಬಟ್ಟೆಯನ್ನು ಸರ್ರನೆ ಎಳೆದು, ಕತ್ತರಿಯ ಬಾಯಿಗೆ ಕೊಟ್ಟಳು. ಒಂದೇ ಅಳತೆಯ ಮುಕ್ಕೋನಗಳನ್ನು ಕತ್ತರಿಸಿ ಅತ್ತೆಯ ಮುಂದೆ ಗುಡ್ಡೆ ಹಾಕಿದಳು. ಸೊಸೆ ಬಿಚ್ಚಿ, ತೊಳೆದು, ಕತ್ತರಿಸಿ ಕೊಡುವುದು, ಅತ್ತೆ ಕೆಂಪು ಬಟ್ಟೆ ಮಡಚಿ ಕೂರಿಸಿ ಮೂಲೆ ಮುಚ್ಚುವುದು. ಇಬ್ಬರ ನಡುವೆ "ದಾರ", "ಹ್ಞೂಂ" ಎಂಬುದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ. ಟೀಗೆ ಜನ ಇಳಿದಾಗ ಬ್ಯಾನರಿನ ಕೆಳಗೆ ಬೋಳು ಮೇಜು, ನೆಲದ ಮೇಲೆ ಕೌದಿಗಳ ರಾಶಿ, ಅದರ ನಡುವೆ ತಲೆ ಎತ್ತದೆ ಹೊಲಿಯುವ ಇಬ್ಬರು ಹೆಂಗಸರು. ಆರಡಿಯ ಲೆಕ್ಕ ಎಂದೋ ತಪ್ಪಿ, ಒಂದು ಕೌದಿಯ ಅಂಚು ನಲ್ಲಿಯವರೆಗೆ ಹರಡಿತ್ತು. ಬಜ್ಜಿ ತಿಂದು ಕೈ ತೊಳೆಯಲು ಬಂದವರು ಅದನ್ನು ದಾಟಿಕೊಂಡೇ ಹೋಗಬೇಕಾಯಿತು. ಕೆಲವರು ಬೈದುಕೊಂಡು ದಾಟಿದರು.

ಒಬ್ಬ ಹೆಂಗಸು ದಾಟಲಿಲ್ಲ. ನಲವತ್ತರ ಆಸುಪಾಸು, ಕೊರಳಲ್ಲಿ ಯಮುನಾ ಎಂದು ಬರೆದ ಕಾರ್ಡು. ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ, ನಿಂತು, ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೌದಿಯ ಮೇಲೆ ಅಂಗೈ ಆಡಿಸಿದಳು.

"ಕೈಹೊಲಿಗೇನಾ ಎಲ್ಲ?"

"ಎಲ್ಲಾ ಕೈದೇ ಮೇಡಂ," ಎಂದು ಗುಲ್ನಾಜ್ ಥಟ್ಟನೆ ಎದ್ದು ನಿಂತಳು.

"ನಂದು ಜೋಗಿಮಟ್ಟಿ ರಸ್ತೆಲಿ ನಾಲ್ಕು ರೂಮಿನ ಹೋಂಸ್ಟೇ ಐತೆ. ಅಲ್ಲಿ ಚಳಿ ಜಾಸ್ತಿ, ಬಂದೋರು ಎರಡೆರಡು ಬ್ಲ್ಯಾಂಕೆಟ್ ಕೇಳ್ತಾರೆ. ಇದು ಚೆನ್ನಾಗೈತೆ, ಒಗೆಯೋಕೂ ಬರ್ತದೆ. ಅದ್ಸರಿ, ಒಂದೇ ಮೂಲೆಗೆ ಯಾಕೆ ಕೆಂಪು ಹಾಕ್ತಿದ್ದೀರಿ?"

"ಅದು ಡಿಸೈ..." ಎಂದು ಗುಲ್ನಾಜ್ ಶುರು ಮಾಡಿದ್ದಳು.

"ರೊಟ್ಟಿ ಇಟ್ಟಿದ್ದೆ ತಾಯಿ, ಬೂಷ್ಟು ಬಂತು," ಎಂದಳು ರೆಹಾನಾ. ಒಮ್ಮೆ ಮುಚ್ಚಿಟ್ಟು ಪಟ್ಟ ಪಾಡು ಸಾಕಾಗಿತ್ತು. ಕಾಗದ ಬಿಚ್ಚಿ ಚೂರುಗಳನ್ನು ತೋರಿಸಿ, ಹಸಿದ ಕೌದಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಗುಲ್ನಾಜ್ ಬ್ಯಾನರಿನ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಳು.

ಯಮುನಾ ಪೂರ್ತಿ ಕೇಳಿದಳು. ನಗಲಿಲ್ಲ, ಮೆಚ್ಚಿಕೊಂಡು ತಲೆದೂಗಲೂ ಇಲ್ಲ. "ನೋಡ್ರಮ್ಮ, ನಿಮ್ಮ ಪದ್ಧತಿ ನಿಮಗೆ ದೊಡ್ಡದು. ನನಗೆ ಇಲಿ ಕಾಟ. ಗುಡ್ಡದ ಬುಡ ನೋಡ್ರಿ, ಒಂದು ಬಿಸ್ಕೆಟ್ ಬಿದ್ರೂ ಬರ್ತಾವೆ. ರೂಮಿಗೆ ಎರಡರ ಹಾಗೆ ಎಂಟು ಬೇಕು ನನಗೆ, ಹೊಸದಾಗಿ, ದೀಪಾವಳಿ ಹೊತ್ತಿಗೆ. ಕೆಂಪು ಮೂಲೆ ಇರಲಿ. ಆದ್ರೆ ರೊಟ್ಟಿ ಇಡಬಾರದು. ಇಡಲ್ಲ ಅಂತ ಮಾತು ಕೊಟ್ರೆ ಈಗಲೇ ಅಡ್ವಾನ್ಸ್ ಕೊಡ್ತೀನಿ."

ಗುಲ್ನಾಜ್ ಬಾಯಿ ತೆರೆದವಳು ಹಾಗೇ ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಮಾತು ಕೊಡಬೇಕಾದವಳು ತಾನಲ್ಲ.

ರೆಹಾನಾಳ ತೊಡೆಯ ಮೇಲೆ ಒಂಬತ್ತನೆಯ ಕೌದಿ ಮೂಲೆ ಬಿಚ್ಚಿಕೊಂಡು ಬಿದ್ದಿತ್ತು. ಆಯ್ತು ಎನ್ನುವುದು ಎಷ್ಟು ಸುಲಭ ಎಂಬುದು ಅವಳಿಗೆ ಗೊತ್ತಿತ್ತು, ವಾರದ ಹಿಂದೆ ಅಂದಿದ್ದಳಲ್ಲ. ಈಗ ಅಂದರೂ ಮನಸ್ಸಿನಿಂದಲೇ ಅನ್ನುತ್ತಾಳೆ. ಮತ್ತೆ ಯಾವಾಗಲೋ ಒಂದು ಮಧ್ಯಾಹ್ನ, ಮೂಲೆ ಮುಚ್ಚುವ ಹೊತ್ತಿಗೆ ಕೈ ತಾನಾಗಿಯೇ ರೊಟ್ಟಿಯ ಬುಟ್ಟಿಗೆ ಹೋಗುತ್ತದೆ. ಆ ಕೋಣೆಯಲ್ಲಿ ಮಲಗುವವರ ಮುಖ ಕಣ್ಣ ಮುಂದೆ ಬಂದರಂತೂ ಸರಿಯೇ ಸರಿ. ಹಾಗೆ ಮಾಡದಿರಲು ತನ್ನಿಂದ ಆಗುವುದಿಲ್ಲ. ಹಾಗಾದರೆ ತನ್ನಿಂದ ಏನಾಗುತ್ತದೆ ಎಂದು ಹುಡುಕುತ್ತ ಅವಳು ಸೂಜಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ನನ್ ಕೈ ಸುಮ್ಕಿರಲ್ಲ ತಾಯಿ," ಎಂದಳು. "ನನ್ ಮಾತು ನಂಬಬ್ಯಾಡ್ರಿ. ನಿಮ್ ಕೌದಿಗಳ ಕೊನೆ ಮೂಲೆ ನಾನು ಮುಟ್ಟಲ್ಲ. ನಮ್ ಸೊಸೆ ಹೊಲೀತಾಳೆ. ಅವ್ಳು ಇಡಲ್ಲ ಅಂದ್ರೆ ಇಡಲ್ಲ."

"ಯಾರಾದ್ರೂ ಹೊಲೀರಿ, ನನಗೆ ರೊಟ್ಟಿ ಬ್ಯಾಡ ಅಷ್ಟೆ," ಎಂದು ಯಮುನಾ ಎದ್ದು, ಪರ್ಸು ತೆಗೆದಳು. ಗುಲ್ನಾಜ್‌ಳ ಫೋನ್ ನಂಬರು ಬರೆದುಕೊಂಡು, ಮೇಲಿನ ಹಾಲಿನಲ್ಲಿ ಮತ್ತೆ ಮೈಕು ಶುರುವಾದದ್ದನ್ನು ಕೇಳಿ ಗಡಿಬಿಡಿಯಲ್ಲಿ ಹೊರಟಳು. ಅವಳಿಗೆ ಎಂಟು ಕೌದಿಯ ಕೆಲಸ ಮುಗಿದಿತ್ತು. ಅಲ್ಲಿ ಇನ್ನೇನು ನಡೆಯಿತು ಎಂದು ತಿಳಿಯುವುದಕ್ಕೆ ಅವಳು ಆ ಮನೆಯವಳಲ್ಲವಲ್ಲ.

ಗುಲ್ನಾಜ್ ಕೈಯಲ್ಲಿ ಅಡ್ವಾನ್ಸ್ ಹಿಡಿದುಕೊಂಡು ನಿಂತೇ ಇದ್ದಳು. "ಅತ್ತೆ, ಏನಂದ್ರಿ ನೀವು?"

"ಕಿವಿಗೆ ಕೇಳ್ಸಲಿಲ್ವಾ? ಕುಂತ್ಕ ಇಲ್ಲಿ," ಎಂದಳು ರೆಹಾನಾ.

ಗುಲ್ನಾಜ್ ಕೂರುವುದಕ್ಕೂ ನಜೀರ್ ಅಹಮದ್ ಛತ್ರಿ ಕೊಡವುತ್ತ ಬುತ್ತಿಯ ಡಬ್ಬಿ ಹಿಡಿದು ಬರುವುದಕ್ಕೂ ಸರಿಯಾಯಿತು. ಅವರು ಬೋಳು ಮೇಜನ್ನು ನೋಡಿದರು, ನೆಲದ ಮೇಲಿನ ರಾಶಿಯನ್ನು ನೋಡಿದರು, ಹೆಂಡತಿಯ ಕೆಂಪಾದ ಕಣ್ಣನ್ನೂ ನೋಡಿದರು. ಕೆಟ್ಟ ಸುದ್ದಿಯೇ ಎಂದುಕೊಂಡು ದನಿ ತಗ್ಗಿಸಿ ಕೇಳಿದರು: "ಏನಮ್ಮ, ಏನಾರ ಆತಾ?"

"ಎಂಟು ಕೌದಿಗೆ ಆರ್ಡರ್ ಆತು ಮಾವ. ಅಡ್ವಾನ್ಸೂ ಕೊಟ್ಟು ಹೋದ್ರು."

"ಎಂಟಾ?" ನಜೀರ್ ಅಹಮದ್ ಗಡ್ಡ ಕೆರೆದುಕೊಂಡರು. ನಲ್ಲಿಯ ಕಡೆ ನೋಡಿದರು, ಟವೆಲ್ಲಿನ ಮಾತು ನೆನಪಾಗಿರಬೇಕು, ನುಂಗಿಕೊಂಡರು. "ಅರ್ಬಾಜ್‌ಗೆ ಬ್ಯಾರೆ ಕಡೆ ನೋಡ್ಕಳಪ್ಪ ಅಂತ ಹೇಳ್ಬೇಕು. ಇಲ್ಲಿ ಸಿಗ್ನಲ್ ಸಿಗಲ್ಲ, ಹೊರಗೆ ಹೋಗಿ ಮಾತಾಡ್ತೀನಿ," ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಛತ್ರಿಯನ್ನು ಮತ್ತೆ ಹಿಡಿದು ಹೊರಟರು.

ರೆಹಾನಾ ಒಂಬತ್ತನೆಯ ಕೌದಿಯನ್ನು ಎತ್ತಿ ಸೊಸೆಯ ತೊಡೆಯ ಮೇಲೆ ಹಾಕಿದಳು. ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ ಕೊಟ್ಟಳು. "ಈ ಮೂಲೆ ನೀನೇ ಮುಚ್ಚು."

"ಇದು ಅವ್ರ ಆರ್ಡರಿಂದಲ್ಲ ಅತ್ತೆ."

"ಗೊತ್ತೈತೆ. ಮುಚ್ಚು."

ಗುಲ್ನಾಜ್ ಕೆಂಪು ಮುಕ್ಕೋನವನ್ನು ಮೂಲೆಗೆ ಕೂರಿಸಿದಳು. ಎರಡು ತಿಂಗಳು ಮೊಳಗಟ್ಟಲೆ ಹೊಲಿದ ಕೈ ಈ ಎರಡು ಬೆರಳಿನಷ್ಟು ಜಾಗದಲ್ಲಿ ತಡವರಿಸಿತು. ರೆಹಾನಾ ನೋಡಬಾರದೆಂದು ಮುಖ ತಿರುಗಿಸಿದಳು. ನೀರು ಕಾಯಿಸುವ ಯಂತ್ರದವನು ಯಾರಿಗೋ ಗುಂಡಿ ಒತ್ತಿ ತೋರಿಸುತ್ತಿದ್ದ. ಅವಳಿಗೆ ದುಃಖವಾಗುತ್ತಿತ್ತು. ದುಃಖದ ಜೊತೆಗೇ, ಬಹಳ ದಿನ ತಲೆಯ ಮೇಲಿದ್ದ ಹೊರೆ ಇಳಿಸಿದವಳ ಹಾಗೆ ಕುತ್ತಿಗೆ ಹಗುರವಾಗುತ್ತಿತ್ತು. ಹಲ್ಲಿನಲ್ಲಿ ದಾರ ಕಡಿದ ಸದ್ದು ಕೇಳಿದ ಮೇಲೆ ತಿರುಗಿದಳು.

"ನೋಡ್ರಿ ಅತ್ತೆ. ಸರಿ ಐತಾ?"

ರೆಹಾನಾ ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿದಳು. ಒಳಗೆ ಏನೂ ಇರಲಿಲ್ಲ, ಬೆರಳಿಗೆ ಬಟ್ಟೆಗೆ ಬಟ್ಟೆಯೇ ತಗುಲಿತು. ಹೊಲಿಗೆ ಮಾತ್ರ ಸಣ್ಣದಾಗಿ, ನೇರವಾಗಿ, ಬಿಗಿಯಾಗಿತ್ತು.

"ಗಟ್ಟಿ ಐತೆ," ಎಂದಳು.

ಆಮೇಲೆ ಮೇಜಿನ ಮೇಲಿನ ಡಬ್ಬಿಯನ್ನು ಎಳೆದುಕೊಂಡು ಮುಚ್ಚಳ ತೆಗೆದಳು. ರೊಟ್ಟಿ ಇನ್ನೂ ಬೆಚ್ಚಗಿತ್ತು. ಮುರಿದು, ಬದನೇಕಾಯಿ ಪಲ್ಯ ಹಚ್ಚಿ, ಮಡಚಿ ಸೊಸೆಯ ಕೈಗೆ ಕೊಟ್ಟಳು.

"ಬೆಳಿಗ್ಗೆಯಿಂದ ಹಸ್ಕಂಡಿದೀಯ. ಮೊದ್ಲು ಉಣ್ಣು."

"ಜನ ಬರ್ತಾವ್ರೆ ಅತ್ತೆ, ಈಗ..."

"ಬರ್ಲಿ. ನಾನು ನೋಡ್ಕಂತೀನಿ."

ರೆಹಾನಾ ಮಂಡಿಗೆ ಕೈಯೂರಿ ಎದ್ದು, ಸೆರಗು ಸರಿಮಾಡಿಕೊಂಡು ಮೇಜಿನ ಮುಂದೆ ಹೋಗಿ ನಿಂತಳು. ಹಿಂದೆ, ಬ್ಯಾನರಿನ ಮರೆಯಲ್ಲಿ, ಗುಲ್ನಾಜ್ ಗೋಡೆಯ ಕಡೆ ತಿರುಗಿ ಕೂತು ತಿನ್ನತೊಡಗಿದಳು. ತೊಡೆಯ ಮೇಲಿನ ಕೌದಿಗೆ ಎಣ್ಣೆ ಬೀಳದಿರಲೆಂದು ಕುತ್ತಿಗೆ ಮುಂದೆ ಚಾಚಿ, ಎಡಗೈಯನ್ನು ಗದ್ದದ ಕೆಳಗೆ ಹಿಡಿದುಕೊಂಡಿದ್ದಳು.